ಒಂದೇ ಮಾತಿಗೆ ಹೂಂ ಅನ್ನುವುದು

ಹೊಸದಾಗಿ ಇಂಗ್ಲಿಷ್ ಶಿಕ್ಷಕರಾಗಿ ಸೇರಿದ ತಮ್ಮ-ತಂಗಿಯರು ಆಗಾಗ ನನ್ನ ಮನೆಗೆ ಬಂದು, "ಮೇಡಂ, ನಿಮ್ಮ ಅನುಭವ ಹೇಳ್ರಿ" ಅನ್ನುತ್ತಾರೆ. ನಾನು ಹೇಳಲು ಕೂತರೆ ಬಾಯಿ ನಿಲ್ಲುವುದಿಲ್ಲ, ಅವರಿಗೆ ಬಸ್ಸು ತಪ್ಪುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ಇದರಲ್ಲಿಲ್ಲ. ಅದು ಸರ್ವಿಸ್ ಬುಕ್ಕಿನಲ್ಲಿದೆ, ಗೆದ್ದಲು ಓದಿಕೊಳ್ಳಲಿ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಇಬ್ಬರು ಇಂಗ್ಲಿಷಿನಲ್ಲಿ ಮಾತಾಡುವಾಗ ಒಬ್ಬರ ಸರದಿ ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ, ಯಾವ ಮಾತಿಗೆ ಯಾವ ಮಾತು ಜೋಡಿ ಎನ್ನುವುದು. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಪಾಠವಿಲ್ಲ. ನನಗೆ ಇದು ತಿಳಿಯಲು ಸರ್ವಿಸ್ ಪೂರಾ ಬೇಕಾಯಿತು. ಒಬ್ಬ ಹುಡುಗಿಯ ನೌಕರಿ ಇದರಲ್ಲೇ ಹೋಗಿಬಿಡುತ್ತಿತ್ತು, ಅದೂ ನನ್ನ ದೆಸೆಯಿಂದ. ಆ ಕಥೆಗೆ ಆಮೇಲೆ ಬರುತ್ತೇನೆ.

ನನ್ನ ತವರು ಜೇವರ್ಗಿ. ಮೊದಲ ನೌಕರಿ ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ. ಆಗ ನನಗೆ ಇಂಗ್ಲಿಷ್ ಕಲಿಸುವುದೆಂದರೆ ಕೂಡಿ ಹೇಳಿಸುವುದು ಅಂತಷ್ಟೇ ಗೊತ್ತಿತ್ತು. ನಾನು ಒಂದು ಸಲ ಹೇಳುವುದು, ನಲವತ್ತು ಮಕ್ಕಳು ಹತ್ತು ಸಲ ಕೂಗುವುದು. "ಹೌ ಆರ್ ಯೂ? ಐ ಆಮ್ ಫೈನ್, ಥ್ಯಾಂಕ್ ಯೂ" ಅನ್ನುವುದನ್ನು ಎಂಟನೇ ಇಯತ್ತೆಯವರು ಮಗ್ಗಿಯ ಹಾಗೆ ಹೇಳುತ್ತಿದ್ದರು. ನನಗೋ ಹೆಮ್ಮೆಯೋ ಹೆಮ್ಮೆ.

ದೀಪಾವಳಿ ಸೂಟಿ ಮುಗಿದ ಮೇಲೆ ಪರಿವೀಕ್ಷಕರು ಬಂದರು. ಒಳ್ಳೆಯ ಮನುಷ್ಯ. ಬಾಗಿಲಲ್ಲಿ ನಿಂತು ನಗುತ್ತಾ, "ಹೌ ಆರ್ ಯೂ?" ಅಂದರು. ನಲವತ್ತೂ ಮಕ್ಕಳು ದಡಕ್ಕನೆ ಎದ್ದು ಒಂದೇ ಉಸಿರಿಗೆ, "ಹೌ ಆರ್ ಯೂ ಐ ಆಮ್ ಫೈನ್ ಥ್ಯಾಂಕ್ ಯೂ ಹೌ ಆರ್ ಯೂ ಐ ಆಮ್ ಆಲ್ಸೋ ಫೈನ್" ಅಂತ ಮುಗಿಸಿ ಕೂತುಬಿಟ್ಟರು. ಅವರು ಕೇಳಿದ್ದು, ಮಕ್ಕಳು ಹೇಳಬೇಕಾದದ್ದು, ಮಕ್ಕಳು ತಿರುಗಿ ಕೇಳಬೇಕಾದದ್ದು, ಅದಕ್ಕೆ ಸಾಹೇಬರು ಕೊಡಬೇಕಾದ ಉತ್ತರ, ಎಲ್ಲವೂ ಅದರಲ್ಲಿ ಬಂದುಹೋಗಿತ್ತು. ಸಾಹೇಬರಿಗೆ ಆಡಲು ಏನೂ ಉಳಿದಿರಲಿಲ್ಲ.

ಅವರು ನನ್ನ ಕಡೆ ತಿರುಗಿ, "ಮೇಡಂ, ನಾ ಆರಾಮ ಇದ್ದೇನಿ ಅಂತ ನಿಮ್ಮ ಮಕ್ಕಳೇ ಹೇಳಿಬಿಟ್ರಲ್ರಿ" ಅಂದರು.

ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆದರೆ ಆ ಮನುಷ್ಯ ಬೈಯಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಚಾ ಕುಡಿಯುತ್ತಾ, "ಮಾತಿಗೆ ಎರಡ ಕೈ ಇರ್ತಾವ್ರಿ. ಒಂದ ಕೈ ನಿಮ್ಮ ಕಡಿ, ಒಂದ ಕೈ ಮಕ್ಕಳ ಕಡಿ ಇರ್ಲಿ" ಅಂದರು. ಅವತ್ತಿನಿಂದ ತರಗತಿಯನ್ನು ಎರಡು ಭಾಗ ಮಾಡಿದೆ. ಕಿಟಕಿ ಕಡೆಯವರು ಕೇಳಬೇಕು, ಬಾಗಿಲ ಕಡೆಯವರು ಉತ್ತರ ಕೊಡಬೇಕು. ನಮಸ್ಕಾರಕ್ಕೆ ನಮಸ್ಕಾರ, ಪ್ರಶ್ನೆಗೆ ಉತ್ತರ, ದೂರಿಗೆ ಕ್ಷಮೆ, ಬಾ ಅಂದರೆ ಬರುತ್ತೇನೆ ಅಥವಾ ಆಗುವುದಿಲ್ಲ. ಮೊದಲ ಮಾತು ಬಿದ್ದ ಮೇಲೆ ಅದರ ಜೋಡಿ ಮಾತು ಬರಲೇಬೇಕು. ಬರದಿದ್ದರೆ ಕೇಳಿದವರು, ಯಾಕೆ ಬರಲಿಲ್ಲ ಎಂದು ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ. ಇದಿಷ್ಟು ಅರ್ಥವಾದ ಕೂಡಲೇ ನಾನು ಎಲ್ಲ ತಿಳಿದವಳ ಹಾಗೆ ಮೆರೆದೆ.

ಅಲ್ಲಿಂದ ಮುಂದೆ ಯಡ್ರಾಮಿ ಹಾದಿಯ ಒಂದು ಶಾಲೆಗೆ ವರ್ಗವಾಯಿತು. ಊರಿನ ಹೆಸರು ಬೇಡ. ಅಲ್ಲಿನ ಮುಖ್ಯಗುರುಗಳಿಗೆ ಸದ್ದಿಲ್ಲದ ತರಗತಿಯೇ ಒಳ್ಳೆಯ ತರಗತಿ. ನನ್ನ ಮಕ್ಕಳು ಇಬ್ಬಿಬ್ಬರೇ ಕೂತು ಮಾತಾಡುತ್ತಿದ್ದರೆ ಅವರಿಗೆ ಮೈ ಉರಿಯುತ್ತಿತ್ತು. ಒಂದು ದಿನ ಬಾಗಿಲಿಗೇ ಬಂದರು.

"ಇದು ಸಾಲಿ ಅದನೋ, ಸಂತಿ ಅದನೋ? ಪರೀಕ್ಷೆಯೊಳಗ ಬರಲಾರದ್ದು ಯಾಕ ಕಲಸಾಕತ್ತೀರಿ ಮೇಡಂ?"

"ಬಾಳಿನ್ಯಾಗ ಬರ್ತದಲ್ರಿ ಸರ್" ಅಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಅವರು ಅವತ್ತು ಮಾತು ಬಿಟ್ಟವರು ನಾನು ವರ್ಗವಾಗುವವರೆಗೆ ಆಡಲಿಲ್ಲ. ನೋಟೀಸ್ ಬರೆದು ಕಳಿಸುತ್ತಿದ್ದರು, ನಾನು ಸಹಿ ಮಾಡಿ ಕಳಿಸುತ್ತಿದ್ದೆ. ಅದೂ ಒಂದು ಜೋಡಿಯೇ ಅನ್ನಿ.

ಆ ಅವಧಿಯಲ್ಲೇ ನಾನು ಕಲಬುರಗಿಗೆ ತರಬೇತಿಗೆಂದು ಹೋದೆ. ತರಬೇತಿ ಕೊಡುತ್ತಿದ್ದವರು ಹೊರರಾಜ್ಯದಿಂದ ಬಂದ ಒಬ್ಬ ಹೆಣ್ಣುಮಗಳು, ಅವರಿಗೆ ಕನ್ನಡದ ಗಂಧವಿಲ್ಲ. ಅವರು ಮಾತಾಡುವಾಗ ನಾನು ಮುಂದಿನ ಸಾಲಿನಲ್ಲಿ ಕೂತು, ನಮ್ಮ ಪದ್ಧತಿಯಂತೆ, "ಹೂಂ... ಹೂಂ... ಯೆಸ್... ಹೂಂ" ಅನ್ನುತ್ತಿದ್ದೆ. ನಮ್ಮಲ್ಲಿ ಹಿರಿಯರು ಹೇಳುವಾಗ ಹೂಂಗುಟ್ಟದೆ ಕೂತರೆ, "ಇಕಿ ಕಿವಿ ಎಲ್ಲಿಟ್ಟಾಳ?" ಅನ್ನುತ್ತಾರೆ. ಆ ತಾಯಿ ಮಾತ್ರ ನನ್ನ ಪ್ರತಿ ಹೂಂಗೂ ಮಾತು ನಿಲ್ಲಿಸಿ, ನನ್ನ ಕಡೆ ನೋಡಿ, "ಪ್ಲೀಸ್, ಟೆಲ್ ಮಿ" ಅನ್ನುತ್ತಿದ್ದರು. ನಾನು ಏನು ಹೇಳಲಿ? ಸುಮ್ಮನೆ ನಗುತ್ತಿದ್ದೆ. ಅವರು ಮತ್ತೆ ಶುರು ಮಾಡುವರು, ನಾನು ಮತ್ತೆ ಹೂಂ ಅನ್ನುವೆ. ಊಟದ ಹೊತ್ತಿಗೆ ಅವರೇ ಬಂದು ಕೇಳಿದರು, ನಿಮಗೆ ನನ್ನ ಮಾತು ಬೇಗ ಮುಗಿಯಲಿ ಅಂತ ಇದೆಯಾ ಅಂತ. ನಾನು ಮರ್ಯಾದೆ ಅಂದುಕೊಂಡು ಕೊಟ್ಟದ್ದು ಅವರಿಗೆ ಅವಸರವಾಗಿ ಕಂಡಿತ್ತು.

ಆ ಮಧ್ಯಾಹ್ನ ನಾವಿಬ್ಬರೂ ಮರದ ಕೆಳಗೆ ಕೂತು ಸಾಕಷ್ಟು ನಕ್ಕೆವು. ಅವರೇ ನನಗೆ ಒಂದು ರಹಸ್ಯ ಕೊಟ್ಟರು. ಇಂಗ್ಲಿಷಿನ ದಿನಬಳಕೆಯ ಮಾತಿನಲ್ಲಿ ಹೌದು ಅನ್ನುವುದು ಥಟ್ಟನೆ ಬರುತ್ತದಂತೆ, ಇಲ್ಲ ಅನ್ನುವುದು ತಡೆದು ತಡೆದು. "ಬರ್ತೀರಾ?" ಅಂದರೆ ಬರುವವರು ಕೂಡಲೇ ಯೆಸ್ ಅನ್ನುತ್ತಾರೆ. ಬಾರದವರು ಮೊದಲು "ವೆಲ್" ಅನ್ನುತ್ತಾರೆ, ಉಸಿರೆಳೆಯುತ್ತಾರೆ, ಕಾರಣ ಹೇಳುತ್ತಾರೆ, ಕೊನೆಗೆ ಆಗುವುದಿಲ್ಲ ಅನ್ನುತ್ತಾರೆ. ಹಾಗಾಗಿ ನೀವು ಸ್ವಲ್ಪ ತಡ ಮಾಡಿದರೂ ಸಾಕು, ಇವರಿಗೆ ಮನಸ್ಸಿಲ್ಲ ಅಂತ ಎದುರಿನವರು ತಿಳಿಯುತ್ತಾರೆ. ನಾನು ಅದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದಷ್ಟೇ. ನನ್ನ ಮನೆಯ ಅಡುಗೆಮನೆಗೂ ಆ ಸಾಲಿಗೂ ಏನು ಸಂಬಂಧ ಅಂತ ಯೋಚಿಸಲಿಲ್ಲ.

ಕೊನೆಯ ಹನ್ನೊಂದು ವರ್ಷ ಆಳಂದ ತಾಲೂಕಿನ ಮಟಕಿಯಲ್ಲಿ ಕಳೆದವು. ನನ್ನ ಒಳ್ಳೆಯ ದಿನಗಳು. ಅಲ್ಲಿ ನನಗೆ ಗುರುವಾಗಿ ಸಿಕ್ಕವನು ಶಾಲೆಯ ಜವಾನ ಶರಣಪ್ಪ. ಅವನಿಗೆ ಇಂಗ್ಲಿಷಿನ ಎ ಕೂಡ ಬರುತ್ತಿರಲಿಲ್ಲ. ಆದರೆ ಸೋಮವಾರದ ಭಜನೆಯಲ್ಲಿ ತತ್ವಪದಕ್ಕೆ ಮುಂದಾಳು ಅವನೇ. ಒಂದು ದಿನ ನನ್ನ ತರಗತಿಯ ಹೊರಗೆ ಕಸಬರಿಗೆ ಹಿಡಿದು ನಿಂತು ಕೇಳುತ್ತಿದ್ದವನು, ಗಂಟೆ ಹೊಡೆದ ಮೇಲೆ ಒಳಗೆ ಬಂದ.

"ತಪ್ಪ ತಿಳ್ಕೋಬ್ಯಾಡ್ರಿ ಮೇಡಂ. ನಿಮ್ಮ ಹುಡುಗರು ಮಾತಿನ ನಡುವ ಬಾಳ ಹೊತ್ತು ನಿಂದ್ರತಾರ್ರಿ."

"ಆ ಕಡಿಯವ್ರು ಮುಗಿಸೂದು ಕಾಯಬೇಕಲ್ಲೋ ಶರಣಪ್ಪ."

"ಮುಗದ ಮ್ಯಾಲ ಉಸುರು ತಗೊಂಡ್ರ ತಾಳ ಬಿಟ್ಟ ಹೋಗ್ತದ್ರಿ. ನಾವು ಭಜನ್ಯಾಗ ಮುಂದಿನವ್ರ ಸೊಲ್ಲು ಮುಗಿಯೂಕಿಂತ ಮೊದ್ಲೇ ಉಸುರು ತಗೊಂಡಿರ್ತೇವ್ರಿ. ಇದು ಇಲ್ಲಿಗೆ ಮುಗೀತದ ಅಂತ ಧಾಟಿ ಮ್ಯಾಲೇ ಗೊತ್ತಾಗ್ತದ. ಅವ್ರು ಬಿಡೂದ್ರಾಗ ನಾವು ಹಿಡಿತೇವಿ."

ಹಿಮ್ಮೇಳದವರು ಹಾಡಿನ ಸಾಲು ಎತ್ತಿಕೊಳ್ಳುವ ಈ ಗುಟ್ಟೇ ಮಾತಿನ ಗುಟ್ಟು. ಮಾತು ನಿಂತಿತೆಂದು ಕಾಯುವವರು ಯಾವತ್ತೂ ತಡವಾಗಿಯೇ ಮಾತಾಡುತ್ತಾರೆ. ಎಲ್ಲಿ ಮುಗಿಯಲಿದೆ ಎಂದು ಮೊದಲೇ ಅಳೆಯಬೇಕು. ಮರುದಿನವೇ ಶರಣಪ್ಪನನ್ನು ತರಗತಿಗೆ ಕರೆದು ತಾಳ ಹಾಕಿಸಿದೆ. ಮಕ್ಕಳು ಇಬ್ಬಿಬ್ಬರಾಗಿ ಇಂಗ್ಲಿಷಿನಲ್ಲಿ ಕೇಳುವುದು, ಹೇಳುವುದು, ಎಲ್ಲವೂ ಅವನ ತಾಳ ತಪ್ಪದಂತೆ. ಒಂದು ತಿಂಗಳಲ್ಲಿ ಮಟಕಿಯ ಮಕ್ಕಳು ಜಿಲ್ಲೆಯ ಸಂಭಾಷಣೆ ಸ್ಪರ್ಧೆಗೆ ಹೋಗಿ ಮೊದಲ ಬಹುಮಾನ ತಂದರು. ದೊಡ್ಡ ಶಾಲೆಗಳ ಮಕ್ಕಳು ಟೈ ಕಟ್ಟಿಕೊಂಡು ಬಾಯಿಬಿಟ್ಟು ನೋಡುತ್ತಿದ್ದರು. ನಾನು ಸುಳ್ಳು ವಿನಯ ತೋರಿಸುವವಳಲ್ಲ. ಅವತ್ತು ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಆ ಬಹುಮಾನ ತಂದವರಲ್ಲಿ ಒಬ್ಬಳು ಮಹಾದೇವಿ. ಅವಳ ಅವ್ವ-ಅಪ್ಪ ಇಬ್ಬರೂ ಕೂಲಿಗೆ ಹೋಗುವವರು. ಮನೆಯಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲ ಹುಡುಗಿ ಅವಳೇ. ಅವಳ ಬೆನ್ನಿಗೆ ಹುಟ್ಟಿದ ಕೂಸು ತಿಂಗಳು ತುಂಬುವ ಮುಂಚೆ ಹುಟ್ಟಿ, ಮೂರನೇ ದಿನಕ್ಕೆ ಹೋಗಿಬಿಟ್ಟಿತ್ತು. ಅವತ್ತಿನಿಂದ ಅವಳಿಗೆ ಒಂದೇ ಧ್ಯಾನ, ಅಂಥ ಕೂಸುಗಳನ್ನು ನೋಡಿಕೊಳ್ಳುವ ನರ್ಸ್ ಆಗಬೇಕು. ಆದಳು ಕೂಡ. ನರ್ಸಿಂಗ್ ಮುಗಿಸಿ, ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯ ನವಜಾತ ಶಿಶುಗಳ ವಿಭಾಗಕ್ಕೆ ಅರ್ಜಿ ಹಾಕಿದಳು. ವರ್ಷಕ್ಕೆ ಒಂದೇ ಸಲ ತೆಗೆದುಕೊಳ್ಳುವ, ಕೆಲಸದ ಜೊತೆಗೆ ತರಬೇತಿಯನ್ನೂ ಕೊಡುವ ಜಾಗ ಅದು.

ನನ್ನ ಸರ್ವಿಸಿನ ಕೊನೆಯ ವರ್ಷ, ಒಂದು ಬುಧವಾರ ಮಧ್ಯಾಹ್ನ ಅವಳು ಶಾಲೆಗೆ ಬಂದಳು. ಮುಖದ ತುಂಬ ನಗು.

"ಇಂಟರ್‌ವ್ಯೂ ಆತ್ರಿ ಮೇಡಂ. ಮೊನ್ನಿ ಸೋಮಾರ ಫೋನ್ ಮಾಡಿದ್ರು. ಎಲ್ಲಾ ಬರೋಬರಿ ಹೇಳೇನ್ರಿ."

"ಶಭಾಷ್! ಕಡೀಕ ಏನಂದ್ರು?"

"ಕೂಸುಗಳ ವಾರ್ಡಿನ್ಯಾಗ ಜಾಗ ಅದ, ನಿಮಗ ಬೇಕೇನು ಅಂತ ಕೇಳಿದ್ರು. ನಾ, ನೋ ಮೇಡಂ, ಥ್ಯಾಂಕ್ ಯೂ ಅಂದೇನ್ರಿ."

ನನಗೆ ಕಿವಿಯ ಮೇಲೆ ನಂಬಿಕೆ ಹೋಯಿತು. "ಬ್ಯಾಡ ಅಂದಿ?"

"ಹೌದ್ರಿ. ಒಂದೇ ಮಾತಿಗೆ ಹೂಂ ಅಂದ್ರ ಹೆಂಗ್ ಕಾಣ್ತದ್ರಿ? ಆಸಿಬುರುಕಿ ಅಂದ್ಕೊಳ್ಳಂಗಿಲ್ಲೇನು? ಇನ್ನೊಮ್ಮೆ ಕೇಳ್ತಾರ, ಆವಾಗ ಹೂಂ ಅಂತೇನಿ. ಮೂರ ದಿನದಿಂದ ಫೋನ್ ಕೈಯಾಗೇ ಹಿಡ್ಕೊಂಡು ಕುಂತೇನ್ರಿ."

ನೀವು ನಮ್ಮ ಕಡೆಯವರಾದರೆ ನಿಮಗೆ ನಗು ಬರಲಿಕ್ಕಿಲ್ಲ. ನಮ್ಮಲ್ಲಿ ಯಾರ ಮನೆಗೆ ಹೋದರೂ, "ಊಟ ಮಾಡ್ರಿ" ಅಂದರೆ, ಹೊಟ್ಟೆ ಹಸಿದು ಕಣ್ಣು ಕತ್ತಲೆ ಬರುತ್ತಿದ್ದರೂ, "ಬ್ಯಾಡ್ರಿ, ಈಗರೇ ಉಂಡ ಬಂದೇನ್ರಿ" ಅನ್ನಬೇಕು. ಅವರು ಎರಡನೇ ಸಲ ಕರೆಯಬೇಕು, ಮೂರನೇ ಸಲ ಕೈ ಹಿಡಿದು ಎಳೆಯಬೇಕು, ಆಮೇಲೆ ನಾವು ಒಲ್ಲದ ಮನಸ್ಸಿನಿಂದ ಎಂಬಂತೆ ತಾಟಿನ ಮುಂದೆ ಕೂತು ಮೂರು ರೊಟ್ಟಿ ಮುಗಿಸಬೇಕು. ನನ್ನ ಅವ್ವ ಹೇಳಿಕೊಟ್ಟದ್ದು ಅದನ್ನೇ. ಮಹಾದೇವಿಯ ಅವ್ವ ಅವಳಿಗೆ ಹೇಳಿಕೊಟ್ಟದ್ದೂ ಅದನ್ನೇ. ಮೊದಲ 'ಬ್ಯಾಡ' ನಮಗೆ ಉತ್ತರವೇ ಅಲ್ಲ, ಇನ್ನೊಮ್ಮೆ ಕೇಳಿರಿ ಎಂದು ಬಾಗಿಲು ತೆರೆದಿಡುವುದು. ಆದರೆ ಆ ಕಡೆಯವರಿಗೆ ಅದೇ ಉತ್ತರ. ಅವರು ಒಂದು ಸಲ ಕೇಳಿದರು, ಇವಳು ಥಟ್ಟನೆ ಬೇಡ ಅಂದಳು, ಅವರು ಹೆಸರಿನ ಮೇಲೆ ಗೆರೆ ಎಳೆದರು.

ನಾನು ರೇಗಿದೆ. "ಅಲ್ಲ ಬೇ, ಇದನ್ಯಾರು ಕಲಿಸಿದ್ರು ನಿನಗ?"

ಅವಳು ಬೆದರಿ ನನ್ನನ್ನೇ ನೋಡಿದಳು. "ನೀವೇ ಬೋರ್ಡ್ ಮ್ಯಾಲ ಬರಸಿದ್ರಲ್ರಿ ಮೇಡಂ. ಚಾ ಬೇಕೇನು ಅಂದ್ರ, ನೋ ಥ್ಯಾಂಕ್ ಯೂ. ಅದಕ್ಕ ಪೂರಾ ಮಾರ್ಕ್ಸ್ ಕೊಡ್ತಿದ್ರಿ."

ನಿಜ. ನಾನು ಬರೆಸಿದ್ದೆ. ಚಹಾ ಬೇಕೇ ಅಂದರೆ ನೋ ಥ್ಯಾಂಕ್ ಯೂ. ಬಿಸ್ಕಿಟ್ ಬೇಕೇ ಅಂದರೆ ನೋ ಥ್ಯಾಂಕ್ ಯೂ. ನಾನು ಸಹಾಯ ಮಾಡಲೇ ಅಂದರೂ ನೋ ಥ್ಯಾಂಕ್ ಯೂ. ಮಕ್ಕಳು ಯಾರಾದರೂ "ಯೆಸ್, ಪ್ಲೀಸ್" ಅಂದರೆ, "ಏನಲೇ, ಮನ್ಯಾಗ ಕೂಳಿಲ್ಲೇನು?" ಅಂತ ನಾನೇ ನಗಾಡುತ್ತಿದ್ದೆ. ಇಂಗ್ಲಿಷಿನ ಬಟ್ಟೆ ತೊಡಿಸಿ ನಾನು ಕಲಿಸಿದ್ದು ನನ್ನ ಅವ್ವನ ಅಡುಗೆಮನೆಯ ಮರ್ಯಾದೆಯನ್ನು. ಮರದ ಕೆಳಗೆ ಬರೆದುಕೊಂಡ ಆ ಸಾಲು ಅಷ್ಟು ವರ್ಷ ನೋಟ್ ಬುಕ್ಕಿನಲ್ಲೇ ಕೊಳೆತಿತ್ತು.

ಅರ್ಜಿಯ ಕಾಗದ ತೆಗೆಸಿ ನೋಡಿದೆ. ಆಯ್ಕೆಯ ಪಟ್ಟಿ ಶುಕ್ರವಾರ ಸಂಜೆ ಮುಗಿಯುವುದಿತ್ತು. ತಪ್ಪಿದರೆ ಇನ್ನೊಂದು ವರ್ಷ, ಮತ್ತು ಒಮ್ಮೆ ಬೇಡ ಅಂದವಳನ್ನು ಮುಂದಿನ ವರ್ಷ ಯಾರು ಕರೆಯುತ್ತಾರೆ?

"ನೀನೇ ಫೋನ್ ಮಾಡಬೇಕು" ಅಂದೆ.

"ನಾ ಏನಂತ ಮಾಡ್ಲಿರಿ? ಅವ್ರು ಕೇಳಲಾರದ ನಾ ಹೆಂಗ್ ಹೇಳ್ಲಿ?"

"ಇದ್ದದ್ದು ಇದ್ದಂಗ ಹೇಳು."

ಗುರುವಾರ ಇಡೀ ದಿನ ಸ್ಟಾಫ್ ರೂಮಿನಲ್ಲಿ ನಾನು ಅಧಿಕಾರಿಯಾದೆ, ಅವಳು ಮಹಾದೇವಿಯಾದಳು. ನಾನು ಬೇಕೇನು ಅಂತ ಕೇಳುವುದು, ಅವಳು ಹೂಂ ಅನ್ನುವುದು. ಅಷ್ಟೇ. ಅದೇ ಎಷ್ಟು ಕಷ್ಟ! ನಾಲಿಗೆಯ ತುದಿಗೆ ಬಂದ ಯೆಸ್ ಅಲ್ಲೇ ಅಂಟಿಕೊಳ್ಳುತ್ತಿತ್ತು. ಮುಖ ಕೆಂಪಾಗುತ್ತಿತ್ತು. "ನಾಚಿಕಿ ಬರ್ತದ್ರಿ ಮೇಡಂ" ಅನ್ನುತ್ತಿದ್ದಳು. ಶರಣಪ್ಪ ಬಂದು ಮೇಜಿನ ಮೇಲೆ ತಾಳ ಹಾಕಿದ. ಇಪ್ಪತ್ತನೇ ಸಲಕ್ಕೋ ಮೂವತ್ತನೇ ಸಲಕ್ಕೋ ಆ ಯೆಸ್ ತಾಳದೊಳಗೆ ಬಿತ್ತು.

ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಕೂತೆವು. ಅವಳು ಫೋನ್ ಹಚ್ಚಿ, ನನಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆ ನರ್ಸಿಂಗ್ ವಿಭಾಗದ ಮುಖ್ಯಸ್ಥೆ. ದನಿ ಚುರುಕು, ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಇಲ್ಲಿಂದ ಮುಂದೆ ಅವರಿಬ್ಬರೂ ಆಡಿದ್ದು ಇಂಗ್ಲಿಷಿನಲ್ಲೇ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ನೀವು ಸೋಮವಾರ ಬೇಡ ಅಂದಿರಲ್ಲ?"

"ಹೌದು ಮೇಡಂ. ನಮ್ಮ ಮನೆಗಳಲ್ಲಿ ಏನು ಕೊಟ್ಟರೂ ಮೊದಲ ಸಲ ಬೇಡ ಅನ್ನುತ್ತೇವೆ. ಅದು ಮರ್ಯಾದೆ. ನನಗೆ ಬೇಕಿತ್ತು. ಈಗಲೂ ಬೇಕು."

ಆ ಕಡೆ ಮೌನ. ಇಂಗ್ಲಿಷಿನ ಮೌನ ಅಂದರೆ ಏನು ಅಂತ ನನಗೆ ಗೊತ್ತಿತ್ತು.

"ನೋಡಿ," ಅಂದರು ಅವರು, ತಡೆದು ತಡೆದು. "ಪಟ್ಟಿ ಹೆಚ್ಚುಕಡಿಮೆ ತಯಾರಾಗಿದೆ. ಅದು ಬಹಳ ಕಷ್ಟದ ವಾರ್ಡ್. ತಮಗೇನು ಬೇಕು ಅಂತ ಖಚಿತ ಇಲ್ಲದವರಿಗೆ ಆಗುವುದಲ್ಲ."

ಇದಕ್ಕೆ ನಾವು ತಾಲೀಮು ಮಾಡಿರಲಿಲ್ಲ. ಇಲ್ಲ ಅನ್ನುವ ಮಾತು ಅವರ ಬಾಯಿಂದ ಹೊರಡುವುದೊಂದೇ ಬಾಕಿ. ನನಗೆ ತಡೆಯಲಾಗಲಿಲ್ಲ. "ಪ್ಲೀಸ್ ಅನ್ನು, ಸಾರಿ ಅನ್ನು" ಅಂತ ಪಿಸುಗುಡಲು ಬಾಗಿದೆ. ಮಹಾದೇವಿ ನನ್ನ ಕಡೆ ನೋಡದೆ, ಅಂಗೈ ಎತ್ತಿ ನನ್ನನ್ನು ತಡೆದಳು. ತಡೆದು, ಫೋನಿನ ಹತ್ತಿರ ಬಾಗಿ ಹೇಳಿದಳು.

"ಮೇಡಂ, ನಾನು ನಿಮಗೆ ಒಂದು ಪ್ರಶ್ನೆ ಕೇಳಬಹುದೇ?"

"ಕೇಳಿ."

"ನಿಮ್ಮ ವಾರ್ಡಿನಲ್ಲಿ ತಾಯಿಯನ್ನು ಒಳಗೆ ಬಿಡಲಾಗದಾಗ, ಕೂಸು ಹೇಗಿದೆ ಅಂತ ಆಕೆಗೆ ಯಾರು ಹೇಳುತ್ತಾರೆ?"

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಜೋಡಿಯ ಎರಡನೇ ಮಾತನ್ನು. ಅವರು ಕೇಳಿದಾಗ ಏನು ಹೇಳಬೇಕು, ಎಷ್ಟು ಬೇಗ ಹೇಳಬೇಕು, ಎಷ್ಟು ಮರ್ಯಾದೆಯಿಂದ ಹೇಳಬೇಕು. ಕಿಟಕಿ ಕಡೆಯವರು ಪ್ರಶ್ನೆ ಕೇಳಿದರೂ ಆ ಪ್ರಶ್ನೆ ನಾನು ಬರೆಸಿದ್ದೇ. ಕೂಲಿಯವರ ಮಗಳೊಬ್ಬಳು ದೊಡ್ಡ ಆಸ್ಪತ್ರೆಯ ಅಧಿಕಾರಿಗೆ ತಾನಾಗಿ ಮೊದಲ ಮಾತು ಹಾಕಬಹುದು, ಆಗ ಉತ್ತರ ಕೊಡುವ ಪಾಳಿ ಅಧಿಕಾರಿಯದೇ ಆಗುತ್ತದೆ ಎನ್ನುವುದು ನನ್ನ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ.

ಅಧಿಕಾರಿ ಉತ್ತರ ಕೊಡತೊಡಗಿದರು. ಮೊದಲು ಚುಟುಕಾಗಿ, ಆಮೇಲೆ ವಿವರವಾಗಿ. ಹೇಳುವವರು ಯಾರು ಅಂತ ಗೊತ್ತುಮಾಡಿಲ್ಲ, ಪುರುಸೊತ್ತು ಇದ್ದವರು ಹೋಗಿ ಹೇಳುತ್ತಾರೆ, ಕೆಲವು ಸಲ ಯಾರೂ ಹೋಗುವುದಿಲ್ಲ, ತಾಯಂದಿರು ಹೊರಗೆ ನೆಲದ ಮೇಲೆ ಕೂತಿರುತ್ತಾರೆ ಅಂದರು. ಆ ಚುರುಕು ದನಿ ಮೆತ್ತಗಾಗಿತ್ತು. ಅವರ ಮಾತು ಇಳಿಯುವ ಹೊತ್ತಿಗೆ ಮಹಾದೇವಿ ಎರಡನೇ ಪ್ರಶ್ನೆ ಹಾಕಿದಳು. ಒಂದು ಪಾಳಿಯಲ್ಲಿ ಒಬ್ಬ ನರ್ಸ್ ಎಷ್ಟು ಕೂಸುಗಳನ್ನು ನೋಡಬೇಕು? ಅದಕ್ಕೂ ಉತ್ತರ ಬಂತು. ಮೂರನೆಯದನ್ನು ಅವರೇ ಕೇಳಿದರು, ಮಗು ಹಾಲು ತೆಗೆದುಕೊಳ್ಳದಿದ್ದರೆ ನೀವು ಮೊದಲು ಏನು ನೋಡುತ್ತೀರಿ ಅಂತ. ಇವಳು ಹೇಳಿದಳು. ಎಲ್ಲಿಯೂ ತಾಳ ಬಿಡಲಿಲ್ಲ. ನನಗೆ ಅರ್ಧ ತಿಳಿಯಲಿಲ್ಲ, ಆದರೆ ಅದು ಇಬ್ಬರು ನರ್ಸುಗಳ ಮಾತು, ಸಂದರ್ಶನವಲ್ಲ ಅನ್ನುವುದು ತಿಳಿಯಿತು.

ಕೊನೆಗೆ ಆ ಕಡೆಯಿಂದ, "ಮುಂದಿನ ಒಂದನೇ ತಾರೀಖಿಗೆ ಬಂದು ಸೇರಿಕೊಳ್ಳಲು ನಿಮಗೆ..." ಅಂತ ಬಂತು.

"ಯೆಸ್ ಮೇಡಂ" ಅಂದಳು ಮಹಾದೇವಿ. ಅವರು ಬಿಡುವುದರೊಳಗೆ ಹಿಡಿದಿದ್ದಳು.

ಅವರು ನಕ್ಕರು. ನಕ್ಕು ಕೇಳಿದರು, "ಸಂದರ್ಶನದಲ್ಲಿ ನನ್ನನ್ನೇ ಪ್ರಶ್ನೆ ಕೇಳಿದವರು ಕಡಿಮೆ. ಹೀಗೆ ಕೇಳುವುದನ್ನು ನಿಮಗೆ ಯಾರು ಕಲಿಸಿದರು?"

ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಮಹಾದೇವಿ ನನ್ನ ಕಡೆ ಒಂದು ಗಳಿಗೆ ನೋಡಿದಳು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು.

"ಯಾರೂ ಕಲಿಸಿಲ್ಲ ಮೇಡಂ" ಅಂದಳು. "ನನಗೆ ತಿಳಿಯಬೇಕಾಗಿತ್ತು, ಕೇಳಿದೆ."

ಫೋನ್ ಇಟ್ಟ ಮೇಲೆ ಅವಳು ಹೆದರಿ, "ಸಿಟ್ಟಾದ್ರೇನ್ರಿ ಮೇಡಂ?" ಅಂದಳು. ಸಿಟ್ಟೆಲ್ಲಿ ಬಂತು! ನಾನು ಅವಳನ್ನು ಅಪ್ಪಿಕೊಂಡು ಎಷ್ಟು ಜೋರಾಗಿ ನಕ್ಕೆನೆಂದರೆ, ಪಕ್ಕದ ತರಗತಿಯ ಪಾಠ ನಿಂತು, ಮಕ್ಕಳೆಲ್ಲ ಕಿಟಕಿಗೆ ಬಂದು ಏನಾಯಿತು ಅಂತ ನೋಡತೊಡಗಿದರು. "ಏನಾತ್ರಿ ಮೇಡಂ?" ಅಂತ ಒಬ್ಬಳು ಕೇಳಿಯೇಬಿಟ್ಟಳು. ಅವಳಿಗೆ ಹೋಗಿ ಪಾಠಕ್ಕೆ ಕೂತುಕೋ ಅನ್ನಲಿಲ್ಲ. ಒಳಗೆ ಕರೆದು, ಕುರ್ಚಿ ಕೊಟ್ಟು, ಮೊದಲಿಂದ ಕಡೆಯವರೆಗೆ ಎಲ್ಲ ಹೇಳಿದೆ.